ದೇವರೇ ನೋಡಿದ ಸಂಬಂಧ

ನಮ್ಮ ಮದುವೆ ಮಾತುಕತೆಗಳಲ್ಲಿ ದೇವರ ಪ್ರವೇಶ ಸ್ವಲ್ಪ ತಡವಾಗಿಯೇ ಆಗುತ್ತದೆ. ಮೊದಲು ಹುಡುಗನ ಕೆಲಸ, ಸಂಬಳ, ಊರಲ್ಲಿ ಸ್ವಂತ ಮನೆ ಇದೆಯೋ ಇಲ್ಲವೋ, ಮದುವೆಗೆ ಬೆಳೆದ ತಂಗಿಯರು ಎಷ್ಟು ಮಂದಿ ಎಂಬ ವಿಚಾರಣೆ. ಆಮೇಲೆ ಜಾತಕ. ಅದೂ ಕೂಡಿಬಂದ ಮೇಲೆ 'ಎಲ್ಲಾ ದೈವಸಂಕಲ್ಪ' ಎಂದು ಮೇಲೆ ನೋಡಿ ಒಂದು ಕೈಮುಗಿಯುವುದು. ಸಂಬಂಧ ಮುರಿದುಬಿದ್ದರೂ ದೈವಸಂಕಲ್ಪವೇ. ಎರಡು ಕಾಗದಕ್ಕೂ ರುಜು ಹಾಕುವ ಸಾಕ್ಷಿದಾರನಾಗಿ ಅವನನ್ನು ಕೂರಿಸಿರುತ್ತೇವೆಯೇ ಹೊರತು, ಹೆಣ್ಣು ತೋರಿಸುವ ಕೆಲಸಕ್ಕೆ ಯಾರೂ ಹಚ್ಚುವುದಿಲ್ಲ. ಅದಕ್ಕೆ ಸೋದರತ್ತೆಯರಿದ್ದಾರೆ, ಈಗ ಮ್ಯಾಟ್ರಿಮೋನಿ ಆ್ಯಪ್‌ಗಳಿವೆ.

ಅಮೆರಿಕದ ಕ್ರೈಸ್ತ ಪ್ರಣಯ ಕಾದಂಬರಿಗಳಲ್ಲಿ ಈ ಕ್ರಮ ತಲೆಕೆಳಗು. ಅಲ್ಲಿ ದೇವರು ಮೊದಲೇ ಬರುತ್ತಾನೆ. ಹುಡುಗ ಸಂತೆಗೆ ತರಕಾರಿ ಮಾರಲು ಬಂದಿರುತ್ತಾನೆ, ಹುಡುಗಿ ರಸ್ತೆಯಲ್ಲಿ ಹೋಗುತ್ತಿರುತ್ತಾಳೆ, ಇವಳೇ ನಿನ್ನವಳು ಎಂದು ದೇವರು ಅವನ ಕಿವಿಯಲ್ಲಿ ಹೇಳಿಬಿಡುತ್ತಾನೆ. ಗೋತ್ರ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ. ಹುಡುಗಿ ಯಾರೆಂದು ನೋಡಿದರೆ ಆ ಊರಿನ ವೇಶ್ಯಾಗೃಹದಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆಯ ಹೆಣ್ಣು. ಹುಡುಗ ಒಂದು ಕ್ಷಣ ಬೆಚ್ಚುತ್ತಾನೆ. ಆದರೆ ತೋರಿಸಿದವನು ಸಾಮಾನ್ಯ ದಲ್ಲಾಳಿಯಲ್ಲವಲ್ಲ.

ಇದು ಫ್ರಾನ್ಸೀನ್ ರಿವರ್ಸ್ ಬರೆದ 'ರಿಡೀಮಿಂಗ್ ಲವ್' ಕಾದಂಬರಿಯ ಆರಂಭ. ಆರಂಭವೆಂದರೆ ಪ್ರೇಮಕಥೆಯ ಆರಂಭ. ಪುಸ್ತಕ ಅದಕ್ಕಿಂತ ಹಿಂದೆಯೇ, ಹೆಚ್ಚು ನೋವಿನ ಜಾಗದಲ್ಲಿ ಶುರುವಾಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಈ ಪುಸ್ತಕ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದೆ. ಕ್ರೈಸ್ತ ಪ್ರಣಯ ಕಾದಂಬರಿ ಎಂದರೇನು ಎಂದು ಯಾರಾದರೂ ಕೇಳಿದರೆ ಇಂದಿಗೂ ಅವರ ಕೈಗೆ ಇಡುವುದು ಇದನ್ನೇ. ನನ್ನ ಕೈಗೆ ಇಟ್ಟವರು ಪಕ್ಕದ ರಸ್ತೆಯ ಟೀಚರ್. ಇಡೀ ಬಡಾವಣೆಗೆ ಅವರು ಟೀಚರ್. ನಿವೃತ್ತಿಯಾಗಿ ಕಾಲವಾದರೂ ಅವರೆದುರು ನಾವು ಬೆನ್ನು ನೆಟ್ಟಗೆ ಮಾಡಿಯೇ ಕೂರುವುದು. ಮಗಳು ಅಮೆರಿಕದಿಂದ ತಂದುಕೊಟ್ಟ ಪ್ರತಿ. ಪುಟ ಮಡಿಸಬಾರದು, ಮಲಗಿ ಓದಬಾರದು, ಓದಿದ ಮೇಲೆ ಅಭಿಪ್ರಾಯ ಹೇಳಲೇಬೇಕು ಎಂಬ ಮೂರು ಕರಾರಿನ ಮೇಲೆ ಸಿಕ್ಕಿತು. ಮೊದಲ ಎರಡನ್ನು ಮುರಿದೆ. ಮೂರನೆಯದನ್ನು ಪಾಲಿಸಲು ಹೋಗಿ ಕಷ್ಟಕ್ಕೆ ಸಿಕ್ಕಿಕೊಂಡೆ.

ಈ ಜಾತಿಯ ಪುಸ್ತಕಗಳಿಗೆ ದೊಡ್ಡ ವಂಶಾವಳಿಯೇ ಇದೆ. ಮೂಲಪುರುಷ, ಅಲ್ಲ, ಮೂಲಸ್ತ್ರೀ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದು 1947ರಲ್ಲಿ ತೀರಿಕೊಂಡ ಈ ಮಹಿಳೆಯ ನಾಯಕಿಯರು ಬಡವರಾಗಿದ್ದರೂ ಅಚ್ಚುಕಟ್ಟು, ಕಷ್ಟದಲ್ಲಿದ್ದರೂ ಪ್ರಾರ್ಥನೆ ತಪ್ಪಿಸದವರು. ಫ್ರಾನ್ಸೀನ್ ರಿವರ್ಸ್ ಹುಟ್ಟಿದ್ದೂ 1947ರಲ್ಲೇ. ಕ್ರೈಸ್ತರಲ್ಲಿ ಪುನರ್ಜನ್ಮದ ನಂಬಿಕೆ ಇಲ್ಲದಿರುವುದರಿಂದ ಇದನ್ನು ಕಾಕತಾಳೀಯ ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ. ನಡುವೆ 1979ರಲ್ಲಿ ಕೆನಡಾದ ಜನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್ಲಿ' ಬಂತು. ಹುಲ್ಲುಗಾವಲಿನ ಸೀಮೆಗೆ ವಲಸೆ ಬಂದ ಹೆಂಗಸಿನ ಗಂಡ ಸಾಯುತ್ತಾನೆ. ಮಣ್ಣು ಮಾಡಿದ ದಿನವೇ ಇನ್ನೊಬ್ಬ ವಿಧುರ ಬಂದು, ನನ್ನ ಮಗುವಿಗೆ ತಾಯಿ ಬೇಕು, ನಿನಗೆ ಸೂರು ಬೇಕು, ಮದುವೆಯಾಗೋಣವೇ ಎನ್ನುತ್ತಾನೆ. ಪ್ರೀತಿ ಮೆಲ್ಲಗೆ ಬಂತಂತೆ, ಮದುವೆ ಮಾತ್ರ ಓಡೋಡಿ ಬಂತು. ಆ ಪುಸ್ತಕ ಎಷ್ಟು ಓಡಿತೆಂದರೆ ಕ್ರೈಸ್ತ ಪ್ರಕಾಶಕರಿಗೆ ಬೈಬಲ್ ವ್ಯಾಖ್ಯಾನಗಳ ಪಕ್ಕದಲ್ಲಿ ಪ್ರೇಮಕಥೆಗೂ ಒಂದು ಕಪಾಟು ಬೇಕು ಎಂದು ಮನವರಿಕೆಯಾಯಿತು. ಆಮೇಲೆ ಬೆವರ್ಲಿ ಲೂಯಿಸ್ ಅವರ ಕೃಪೆಯಿಂದ ಆಮಿಶ್ ಹುಡುಗಿಯರ ಕಥೆಗಳ ಸುಗ್ಗಿ. ಕರೆಂಟಿಲ್ಲದ ಮನೆ, ಕುದುರೆಗಾಡಿ, ಮುಖಪುಟದಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ದೂರದ ಹೊಲ ನೋಡುತ್ತಿರುವ ಹುಡುಗಿ. ಅವಳು ಏನು ನೋಡುತ್ತಿದ್ದಾಳೆ ಎಂದು ಒಳಗೆಲ್ಲೂ ಹೇಳಿರುವುದಿಲ್ಲ.

ನಮ್ಮ ಕಾಲೇಜಿನ ದಿನಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಮಿಲ್ಸ್ ಅಂಡ್ ಬೂನ್ ತಂದು ಅಕೌಂಟೆನ್ಸಿ ಪುಸ್ತಕದ ಒಳಗಿಟ್ಟು ಓದುತ್ತಿದ್ದವರಿಗೆ ಒಂದು ಸುದ್ದಿ. ಅದೇ ಪುಸ್ತಕಗಳ ಒಡೆತನದ ಹಾರ್ಲೆಕ್ವಿನ್ ಕಂಪನಿಯೇ 1997ರಲ್ಲಿ 'ಲವ್ ಇನ್‌ಸ್ಪೈರ್ಡ್' ಎಂಬ ಕ್ರೈಸ್ತ ಪ್ರಣಯ ಮಾಲಿಕೆ ಶುರುಮಾಡಿತು. ಅಂಗಡಿ ಒಂದೇ, ಕೌಂಟರ್ ಎರಡು. ಈ ಕೌಂಟರಿನ ನಿಯಮಗಳು ಬೇರೆ: ಬೈಗುಳ ಕೂಡದು, ಮದುವೆಗೆ ಮುಂಚೆ ಮುತ್ತಿನಾಚೆಗೆ ಹೋಗಕೂಡದು, ಕಥೆ ಮುಗಿಯುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರಾದರೂ ದೇವರ ಹತ್ತಿರಕ್ಕೆ ಬಂದಿರಬೇಕು. ನಮ್ಮ ಕಪ್ಪು ಬಿಳುಪು ಸಿನಿಮಾಗಳಲ್ಲಿ ಎರಡು ಹೂಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಧ್ಯಾಯದ ಮುಕ್ತಾಯ ಮಾಡುತ್ತದೆ.

ರಿವರ್ಸ್ ಮೊದಲು ಆಚೆ ಕೌಂಟರಿನಲ್ಲೇ ಇದ್ದವರು. ಲೌಕಿಕ ಪ್ರಣಯ ಕಾದಂಬರಿಗಳನ್ನು ಬರೆದು ಹೆಸರು ಮಾಡಿದ್ದರು. 1986ರಲ್ಲಿ ಅವರಿಗೆ ಕ್ರಿಸ್ತನಲ್ಲಿ ಹೊಸ ನಂಬಿಕೆ ಹುಟ್ಟಿತು. ಆ ತಿರುವಿನ ನಂತರ ಬರೆದದ್ದು 'ರಿಡೀಮಿಂಗ್ ಲವ್'. ಅದು 1991ರಲ್ಲಿ ಬಂದದ್ದು ಬ್ಯಾಂಟಮ್ ಎಂಬ ಸಾಮಾನ್ಯ ಪ್ರಕಾಶನದಿಂದ. 1997ರಲ್ಲಿ ಬೈಗುಳ, ಬಿಸಿ ದೃಶ್ಯಗಳನ್ನು ಸೋಸಿ ಮಲ್ಟ್ನೋಮಾ ಎಂಬ ಕ್ರೈಸ್ತ ಪ್ರಕಾಶನದಿಂದ ಮತ್ತೆ ಬಂತು. ಲೇಖಕಿಯ ನಂತರ ಪುಸ್ತಕಕ್ಕೂ ದೀಕ್ಷಾಸ್ನಾನವಾಯಿತು ಎನ್ನಬಹುದು. ಸ್ನಾನವಾದ ಮೇಲೂ ಇನ್ನೂ ಬಿಸಿ ಉಳಿದಿದೆ ಎಂದು ಮಡಿವಂತ ಓದುಗರು ಗೊಣಗಿದ್ದುಂಟು.

ಕಥೆಗೆ ಆಧಾರ ಹಳೆಯ ಒಡಂಬಡಿಕೆಯ ಹೋಶೇಯನ ಪುಸ್ತಕ. ಕ್ರಿಸ್ತಪೂರ್ವ 8ನೇ ಶತಮಾನದ ಈ ಪ್ರವಾದಿಗೆ ದೇವರ ಅಪ್ಪಣೆಯಾಗುತ್ತದೆ: ನಡತೆ ಕೆಟ್ಟವಳೊಬ್ಬಳನ್ನು ಮದುವೆಯಾಗು. ಅವನು ಗೋಮೆರಳನ್ನು ಕಟ್ಟಿಕೊಳ್ಳುತ್ತಾನೆ. ಮೂರು ಮಕ್ಕಳಾಗುತ್ತವೆ. ಹೆಸರುಗಳನ್ನೂ ದೇವರೇ ಇಡುತ್ತಾನೆ. ಒಬ್ಬಳ ಹೆಸರಿಗೆ 'ಕನಿಕರ ಸಿಗದವಳು' ಎಂದರ್ಥ, ಇನ್ನೊಬ್ಬನ ಹೆಸರಿಗೆ 'ನನ್ನ ಜನವಲ್ಲ' ಎಂದರ್ಥ. ಸಂಜೆ ಬೀದಿಯಲ್ಲಿ ಆಡುತ್ತಿದ್ದ ಈ ಮಕ್ಕಳನ್ನು ಆ ತಾಯಿ ಹೇಗೆ ಕೂಗಿ ಕರೆದಿರಬಹುದೋ. ಮುಂದೆ ಅವಳು ಬಿಟ್ಟುಹೋಗುತ್ತಾಳೆ. ಹೋಗಿ ಕರೆದುಕೊಂಡು ಬಾ ಎಂದು ಮತ್ತೆ ಅಪ್ಪಣೆ. ಹೋಶೇಯ 15 ಶೆಕೆಲ್ ಬೆಳ್ಳಿ, ಅದರ ಮೇಲೆ ಒಂದಿಷ್ಟು ಜವೆಗೋದಿ ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಬೆಳ್ಳಿ ಸಾಲದೆ ಉಳಿದದ್ದಕ್ಕೆ ಕಾಳು ಅಳೆದಿರಬೇಕು ಎಂದು ವ್ಯಾಖ್ಯಾನಕಾರರು ಊಹಿಸುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ತುಂಬ ಹಿಡಿಸಿದ್ದು ಈ ಜವೆಗೋದಿ. ಹೆಂಡತಿಯನ್ನು ಕರೆತರಲು ಹೋದ ಪ್ರವಾದಿ, ಎದುರಿಗೆ ಯಾರೋ ಸಾಹುಕಾರ, ನಡುವೆ ತಕ್ಕಡಿಯೋ ಕೊಳಗವೋ. ಎರಡು ಸಾವಿರದ ಏಳುನೂರು ವರ್ಷ ದಾಟಿದರೂ ಆ ಮನುಷ್ಯನ ಮುಜುಗರ ಹಾಗೇ ಇದೆ.

ಹೋಶೇಯನ ಹದಿನಾಲ್ಕು ಅಧ್ಯಾಯಗಳಲ್ಲಿ ಗೋಮೆರ್ ಮನೆಯೊಳಗೆ ನಿಂತು ಗಂಡನಿಗೆ ಒಂದು ಮಾತೂ ಹೇಳುವುದಿಲ್ಲ. ಅವಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆಕೆಗೂ ಒಂದು ಬಾಲ್ಯವಿತ್ತು, ಒಂದು ಕಥೆಯಿತ್ತು ಎಂದು ನೆನಪಿಸಿಕೊಂಡದ್ದು ರಿವರ್ಸ್ ಅವರ ದೊಡ್ಡತನ. ಕಾದಂಬರಿ ತೆರೆಯುವುದು 1835ರಲ್ಲಿ, ಸಾರಾ ಎಂಬ ಪುಟ್ಟ ಹುಡುಗಿಯಿಂದ. ಅವಳ ತಾಯಿ ಒಬ್ಬ ಸಿರಿವಂತ ಇಟ್ಟುಕೊಂಡವಳು. ಅಪ್ಪ ಆಗಾಗ ಬರುತ್ತಾನೆ. ಅವನಿಗೆ ಈ ಮಗು ಹುಟ್ಟುವುದೇ ಬೇಕಿರಲಿಲ್ಲ ಎಂಬುದು ಅವಳ ಕಿವಿಗೆ ಬೀಳುತ್ತದೆ. ತಾಯಿ ಹಂತಹಂತವಾಗಿ ಬಂದರಿನ ಗುಡಿಸಲಿಗೆ ಇಳಿದು ಸಾಯುತ್ತಾಳೆ. ಎಂಟು ವರ್ಷದ ಮಗುವನ್ನು ಒಳ್ಳೆಯ ಮನೆಗೆ ಸೇರಿಸುತ್ತಿದ್ದೇನೆ ಎಂದು ಭ್ರಮಿಸಿದ ಕುಡುಕನೊಬ್ಬ 'ಡ್ಯೂಕ್' ಎಂಬವನ ಕೈಗೆ ಒಪ್ಪಿಸುತ್ತಾನೆ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೇಖಕಿಯೂ ಬಾಗಿಲ ಬಳಿಯೇ ನಿಲ್ಲುತ್ತಾರೆ, ಓದುವವರ ಹೊಟ್ಟೆಯಲ್ಲಿ ಸಂಕಟವಾಗುವುದಕ್ಕೆ ಅಷ್ಟು ಸಾಕು. ಈ ಭಾಗದಲ್ಲಿ ದೇವರ ಮಾತಿಲ್ಲ. ಪುಸ್ತಕದಲ್ಲಿ ದೇವರು ಅತ್ಯಂತ ನಿಜವೆನಿಸುವುದೂ ಇಲ್ಲೇ. ಎಲ್ಲಿ ಹೋದ ಅವನು ಎಂದು ನಾವು ಕೇಳುತ್ತಲೇ ಇರುತ್ತೇವೆ.

ಆಮೇಲೆ ಕ್ಯಾಲಿಫೋರ್ನಿಯಾ. 1848ರ ಜನವರಿಯಲ್ಲಿ ಕೊಲೋಮಾದ ಸಟರ್ ಮಿಲ್ಲಿನ ಕಾಲುವೆಯಲ್ಲಿ ಚಿನ್ನದ ಹರಳು ಸಿಕ್ಕು ಜಗತ್ತೆಲ್ಲ ಅತ್ತ ಓಡಿದ ಕಾಲ. 1850ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಂಡಸರು. ಇಂಥ ಊರಲ್ಲಿ ಏಂಜೆಲ್ ಎಂಬ ಹೆಸರಿನಲ್ಲಿ ಬೆಳೆದು ನಿಂತ ಸಾರಾಳ ಮುಂದೆ ಸಾಲು ಹಚ್ಚಿ, ಚೀಟಿ ಎತ್ತಿ ನಿಲ್ಲುವವರ ನಡುವೆ ರೈತ ಮೈಕೆಲ್ ಹೊಸಿಯಾ ಬರುತ್ತಾನೆ. ಚಿನ್ನದ ಪುಡಿ ತೂಗಿ ಕೊಟ್ಟು, ಒಳಗೆ ಹೋಗಿ, ಕುಳಿತು ಮಾತಾಡುತ್ತಾನೆ. ಮದುವೆಯಾಗು ಎನ್ನುತ್ತಾನೆ. ಅವಳು ಆಗುವುದಿಲ್ಲ ಎನ್ನುತ್ತಾಳೆ. ಮರುದಿನ ಮತ್ತೆ ಚಿನ್ನ, ಮತ್ತೆ ಮಾತು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ನಾಯಕರು ಎತ್ತರ, ಗಂಭೀರ, ವಿದೇಶದಲ್ಲಿ ಓದಿದ ಡಾಕ್ಟರುಗಳು. ಅಷ್ಟೆಲ್ಲ ಇದ್ದರೂ ಪೆಟ್ರೋಲ್ ಮುಗಿದರೆ ಅವರ ಕಾರು ನಿಲ್ಲುತ್ತಿತ್ತು. ಮೈಕೆಲ್ ನಿಲ್ಲುವುದಿಲ್ಲ. ಅವನಿಗೆ ಬೇಸರವಿಲ್ಲ, ಮನಸ್ಸು ಬದಲಿಸುವ ಅನುಕೂಲವಿಲ್ಲ. ಯಾಕೆಂದರೆ ಅನುಮಾನ ಬಂದಾಗೆಲ್ಲ ಮೇಲಿನಿಂದ ಉತ್ತರ ಬರುತ್ತದೆ, ಅದೂ ಬೇರೆಯೇ ಅಚ್ಚಿನಲ್ಲಿ. ನಮಗೂ ಹೀಗೆ ದೇವರ ಮಾತು ಓರೆ ಅಕ್ಷರದಲ್ಲಿ ಕೇಳುವಂತಿದ್ದರೆ ಎಷ್ಟು ಕೋರ್ಟು ಖರ್ಚು ಉಳಿಯುತ್ತಿತ್ತು.

ಮದುವೆ ಆಗುವುದು ಹೇಗೆಂದರೆ, ವೇಶ್ಯಾಗೃಹದ ಕಾವಲುಗಾರ ಏಂಜೆಲಳನ್ನು ಸಾಯುವಂತೆ ಹೊಡೆದು ಹಾಕಿರುತ್ತಾನೆ. ಅವಳು ಅರೆಪ್ರಜ್ಞೆಯಲ್ಲಿ ಮಲಗಿದ್ದಾಗ ಮೈಕೆಲ್ ಕೇಳುತ್ತಾನೆ. ಆ ಜಾಗದಿಂದ ಹೊರಬೀಳುವುದಾದರೆ ಯಾರಾದರೇನು ಎನ್ನುವ ಸ್ಥಿತಿಯಲ್ಲಿ ಅವಳು ಏನೋ ಗೊಣಗುತ್ತಾಳೆ. ಅದೇ ಒಪ್ಪಿಗೆ. ಉಂಗುರ ತೊಡಿಸಿ ಗಾಡಿಯಲ್ಲಿ ಮಲಗಿಸಿ ಊರಿಗೆ ಕರೆದೊಯ್ಯುತ್ತಾನೆ. ಎಚ್ಚರವಾದಾಗ ಅವಳು ಯಾರದೋ ಗುಡಿಸಲಲ್ಲಿ ಯಾರದೋ ಹೆಂಡತಿ. ಟೀಚರ್ ಈ ದೃಶ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದಿದ್ದರು. ಮೆಚ್ಚುಗೆಯ ಗೀಟು. ನಾನು ಅದರ ಪಕ್ಕದಲ್ಲಿ ಮನಸ್ಸಿನಲ್ಲೇ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಿಜವಾದ ಪೆನ್ಸಿಲಿನಲ್ಲಿ ಹಾಕುವ ಧೈರ್ಯ ಇರಲಿಲ್ಲ.

ಇಷ್ಟೆಲ್ಲ ಹೇಳಿದರೂ ಪುಸ್ತಕ ಕೆಳಗಿಡಲಾಗಲಿಲ್ಲ ಎಂಬುದನ್ನೂ ಹೇಳಬೇಕು. ರಿವರ್ಸ್‌ಗೆ ಕಥೆ ಕಟ್ಟುವುದು ಗೊತ್ತು. ಅವಳು ಗುಣವಾಗುತ್ತಿರುವಾಗ ಮೈಕೆಲ್ ಒಂದು ರಾತ್ರಿ ಕತ್ತಲಲ್ಲೇ ಗುಡ್ಡ ಹತ್ತಿಸುತ್ತಾನೆ, ಏನು ಎತ್ತ ಹೇಳದೆ. ಅವಳು ಬೈದುಕೊಂಡೇ ನಡೆಯುತ್ತಾಳೆ. ಮೇಲೆ ಹೋದರೆ ಸೂರ್ಯೋದಯ. ನಿನಗೆ ಕೊಡಬೇಕೆಂದಿರುವ ಬದುಕು ಇದು ಎನ್ನುತ್ತಾನೆ ಮಹಾರಾಯ. ಮೈಕೈ ನೋವಿನ ಹೆಂಡತಿಯನ್ನು ಬೆಳಗಿನ ಜಾವ ಎಬ್ಬಿಸಿ ಚಳಿಯಲ್ಲಿ ನಡೆಸುವ ಗಂಡಸಿಗೆ ನಮ್ಮ ಕಡೆ ಬೇರೆ ಉತ್ತರ ಸಿಗುತ್ತಿತ್ತು. ಆದರೂ ಆ ದೃಶ್ಯ ಮನಸ್ಸಿನಲ್ಲಿ ಕೂರುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ತೊರೆಯ ದೃಶ್ಯ. ಏಂಜೆಲ್ ಕೊರೆಯುವ ನೀರಲ್ಲಿ ಕೂತು ತಳದ ಗರಸು ಮಣ್ಣನ್ನು ಬಾಚಿ ಬಾಚಿ ಮೈ ಉಜ್ಜುತ್ತಿದ್ದಾಳೆ. ಚರ್ಮ ಕಿತ್ತು ಕೆಂಪಾಗಿದೆ. ಎಷ್ಟು ತೊಳೆದರೂ ಹೋಗುತ್ತಿಲ್ಲ. ಅಲ್ಲಿ ಉಪದೇಶವಿಲ್ಲ, ಗರಸು ಇದೆ. ಮೈಲಿಗೆ ಎಂಬುದನ್ನು ಹೆಣ್ಣಿನ ಮೈಗೆ ಹಚ್ಚಿ, ತೊಳೆಯುವ ಜವಾಬ್ದಾರಿಯನ್ನೂ ಅವಳ ಮೇಲೇ ಹಾಕುವ ಪದ್ಧತಿ ಬರೀ ಕ್ಯಾಲಿಫೋರ್ನಿಯಾದ್ದಲ್ಲವಲ್ಲ.

ಅವಳು ಆ ತೊರೆಗೆ ಇಳಿಯಲು ಕಾರಣ ಪಾಲ್, ಮೈಕೆಲನ ತಂಗಿಯ ಗಂಡ, ಹೆಂಡತಿ ಸತ್ತವನು. ಏಂಜೆಲ್ ಮೊದಲ ಸಲ ಮನೆ ಬಿಟ್ಟು ಹೋಗುವಾಗ ಇವನ ಗಾಡಿ ಹತ್ತುತ್ತಾಳೆ. ಇವನು ಬಾಡಿಗೆ ಕೇಳುತ್ತಾನೆ. ಯಾವ ನಾಣ್ಯದಲ್ಲಿ ಎಂದು ಹೇಳಬೇಕಾಗಿಲ್ಲ. ಅವಳನ್ನು ಕೀಳು ಎಂದು ಬೈಯುತ್ತಲೇ ವಸೂಲು ಮಾಡಿಕೊಳ್ಳುತ್ತಾನೆ. ನಮ್ಮ ಸಂಬಂಧಿಕರಲ್ಲೇ ಎಲ್ಲೋ ನೋಡಿದ ಮುಖ ಎನಿಸುವಷ್ಟು ನಿಜವಾದ ಪಾತ್ರ. ಆದರೆ ಕೊನೆಗೆ ಇವನಿಗೆ ಏನಾಗುತ್ತದೆ? ಪಶ್ಚಾತ್ತಾಪ ಪಡುತ್ತಾನೆ, ನೆರೆಮನೆಯ ಮಿರಿಯಮ್ ಎಂಬ ಬಂಗಾರದಂಥ ಹುಡುಗಿ ಅವನನ್ನು ಕೈಹಿಡಿಯುತ್ತಾಳೆ. ಏಂಜೆಲ್ ತನ್ನದಲ್ಲದ ಪಾಪವನ್ನು ತೊಳೆದುಕೊಳ್ಳಲು ಮೂರು ಸಲ ಮನೆ ಬಿಡಬೇಕು, ಜ್ವರ ಬರಬೇಕು, ಊರೂರು ಅಲೆಯಬೇಕು. ಪಾಲನಿಗೆ ತನ್ನದೇ ಪಾಪ ತೊಳೆಯಲು ಒಂದೆರಡು ಅಧ್ಯಾಯ ಸಾಕು.

ನನ್ನ ತಕರಾರಿನ ತಿರುಳು ಬೇರೆಯೇ ಇದೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಆ ಜಗಳ ನಡೆಯಬೇಕಾದರೆ ಇಬ್ಬರೂ ನೆಲದ ಮೇಲಿರಬೇಕು. ಮೈಕೆಲ್ ನೆಲದ ಮೇಲಿಲ್ಲ. ಅವನಿಗೂ ಸಿಟ್ಟು ಬರುತ್ತದೆ, ವೇಶ್ಯಾಗೃಹಕ್ಕೆ ನುಗ್ಗಿ ನಾಲ್ಕು ಜನರ ಮೂಗು ಮುರಿದು ಹೆಂಡತಿಯನ್ನು ಎಳೆದುಕೊಂಡು ಬರುವಷ್ಟು ಬರುತ್ತದೆ. ಆದರೆ ಆ ಸಿಟ್ಟೂ ಪವಿತ್ರ. ಅವನು ತಪ್ಪಿರಲು ಸಾಧ್ಯವೇ ಇಲ್ಲದಂತೆ ಲೇಖಕಿ ಏರ್ಪಾಡು ಮಾಡಿದ್ದಾರೆ. ಅವನು ಹೇಳಿದ್ದು ದೇವರು ಹೇಳಿದ್ದು ಎಂದಾದ ಮೇಲೆ ಅವಳು 'ನನಗೆ ಬೇಡ' ಎಂದರೆ ಅದು ಹೆಂಗಸೊಬ್ಬಳ ನಿರ್ಧಾರವಾಗಿ ಉಳಿಯುವುದಿಲ್ಲ, ಪಾಪವಾಗುತ್ತದೆ, ಇಲ್ಲವೇ ಕಾಯಿಲೆಯಾಗುತ್ತದೆ. ಅವಳು ಹೇಳುವುದರಲ್ಲಿ ಎಷ್ಟೋ ಸಲ ನ್ಯಾಯವಿದೆ. ನನ್ನನ್ನು ಕೇಳದೆ ಕರೆತಂದೆ ಎನ್ನುತ್ತಾಳೆ. ಹೌದು, ಕೇಳದೆಯೇ ಕರೆತಂದ. ಅದಕ್ಕೆ ಉತ್ತರವಾಗಿ ಸಿಗುವುದು ಇನ್ನಷ್ಟು ತಾಳ್ಮೆ. ತಾಳ್ಮೆಯೊಂದಿಗೆ ವಾದ ಮಾಡಿ ಗೆದ್ದ ಹೆಂಡತಿಯರು ಎಲ್ಲಾದರೂ ಇದ್ದರೆ ತಿಳಿಸಿ.

ಮೂಲದ ಹೋಶೇಯನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ದೇವರೇ ಗಂಡನ ಜಾಗದಲ್ಲಿ ನಿಂತು ಮಾತಾಡುತ್ತಾನೆ, ಇಸ್ರಾಯೇಲ್ ಜನ ಹೆಂಡತಿಯ ಜಾಗದಲ್ಲಿದ್ದಾರೆ. ಆ ಗಂಡ ಕೂಗಾಡುತ್ತಾನೆ. ಬಟ್ಟೆ ಕಿತ್ತು ನಿಲ್ಲಿಸುತ್ತೇನೆ, ದಾರಿಗೆ ಮುಳ್ಳುಬೇಲಿ ಹಾಕುತ್ತೇನೆ, ಬಾಯಾರಿಸಿ ಸಾಯಿಸುತ್ತೇನೆ ಎನ್ನುತ್ತಾನೆ. ಇಂದು ಯಾವ ಮಹಿಳಾ ಠಾಣೆಯಲ್ಲೂ ದೂರು ದಾಖಲಾಗುವಂಥ ಮಾತು. ಅದೇ ಉಸಿರಿನಲ್ಲಿ ಮರುಭೂಮಿಗೆ ಕರೆದೊಯ್ದು ಅವಳ ಮನಸ್ಸಿಗೆ ಹತ್ತುವಂತೆ ಮಾತಾಡುತ್ತೇನೆ ಎನ್ನುತ್ತಾನೆ. ಮುಂದೆ ಹನ್ನೊಂದನೆಯ ಅಧ್ಯಾಯದಲ್ಲಿ ರೂಪಕ ಬದಲಾಗಿ ತಂದೆಯಾಗುತ್ತಾನೆ: ನಡೆಯಲು ಕಲಿಸಿದವನು ನಾನು, ಈಗ ಹೇಗೆ ಕೈಬಿಡಲಿ ಎಂದು ತೊಳಲಾಡುತ್ತಾನೆ. ಆ ದೇವರು ನೊಂದಿದ್ದಾನೆ, ಅವಮಾನಗೊಂಡಿದ್ದಾನೆ, ಮಾತು ಬದಲಿಸುತ್ತಾನೆ. ಶಾಸ್ತ್ರದಲ್ಲಿ ದೇವರು ಮನುಷ್ಯನ ಹಾಗಿದ್ದಾನೆ. ಕಾದಂಬರಿಯಲ್ಲಿ ಮನುಷ್ಯ ದೇವರ ಹಾಗಿದ್ದಾನೆ. ಸಂಸಾರ ಮಾಡಲು ಮೊದಲನೆಯವನೇ ವಾಸಿ.

ದೇವರನ್ನು ಗಂಡನೆಂದು ಕರೆಯುವುದು ನಮಗೇನು ಹೊಸದಲ್ಲ. ಶರಣಸತಿ ಲಿಂಗಪತಿ ಎಂಬುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಿರಪರಿಚಿತ ಭಾವ. ಉಡುತಡಿಯ ಮಹಾದೇವಿಯಕ್ಕ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ವರಿಸಿದಳು. ಆದರೆ ಅವಳ ಲೆಕ್ಕ ನೋಡಿ. ಹರಿಹರನ ರಗಳೆಯಲ್ಲಿ ಕೌಶಿಕ ಅವಳನ್ನು ಮದುವೆಯಾಗುತ್ತಾನೆ, ಅವಳ ಕರಾರುಗಳಿಗೆ ಒಪ್ಪಿ. ಪೂಜೆಗೆ ಅಡ್ಡಿ ಮಾಡಬಾರದು, ಶಿವಭಕ್ತರ ಒಡನಾಟ ತಪ್ಪಿಸಬಾರದು ಎಂಬಂಥ ಕರಾರುಗಳು. ತಪ್ಪು ಮೂರಾಗುವವರೆಗೆ ಅವಳು ತಾಳುತ್ತಾಳೆ. ಮೂರು ಮುಗಿದವು, ಹೊರಟಳು. ತಪ್ಪಿನ ಪುಸ್ತಕ ಹೆಂಡತಿಯ ಕೈಯಲ್ಲಿತ್ತು. ದೇವರು ಗಂಡನಾದಾಗ ಅಕ್ಕನಿಗೆ ಅರಮನೆ ಬಿಟ್ಟು ಹೊರಡುವ ಬಲ ಬಂತು. ಏಂಜೆಲಳ ಗಂಡ ದೇವರ ಪ್ರತಿನಿಧಿಯಾದಾಗ ಅವಳಿಗೆ ಮನೆಗೆ ಹಿಂದಿರುಗುವ ಕರ್ತವ್ಯ ಬಂತು. ಅವಳೂ ಮೂರು ಸಲ ಹೊರಡುತ್ತಾಳೆ. ಆ ಮೂರೂ ಅವಳ ಖಾತೆಗೇ ಖರ್ಚು ಬೀಳುತ್ತವೆ.

ಇದನ್ನೆಲ್ಲ ಸ್ವಲ್ಪ ಮೆದುವಾಗಿ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, ಟೀಚರ ಮುಂದೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅಪಾಯದ ಸೂಚನೆ.

"ಮೂರನೇ ಸಲ ಅವಳು ಹೋದಾಗ ಅವನು ಹುಡುಕಿಕೊಂಡು ಹೋಗಲ್ಲ. ಗಮನಿಸಿದ್ರಾ?" ಎಂದರು.

ಗಮನಿಸಿದ್ದೆ, ಹೇಳಿರಲಿಲ್ಲ.

"ದೇವರು ಸುಮ್ಮನಿರು ಅಂತಾನೆ, ಅವನು ಸುಮ್ಮನಿರ್ತಾನೆ. ಮೂರು ವರ್ಷ. ಅವಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಡುಗೆ ಕೆಲಸ ಮಾಡ್ತಾಳೆ, ಆ ಡ್ಯೂಕ್ ಕೈಯಿಂದ ತಾನೇ ಬಿಡಿಸಿಕೊಳ್ತಾಳೆ, ತನ್ನಂಥ ಹೆಣ್ಣುಮಕ್ಕಳಿಗೆ ಮನೆ ಕಟ್ತಾಳೆ. ಗಂಡನ ಹಂಗಿಲ್ಲದೆ ದೇವರನ್ನ ಕಂಡುಕೊಳ್ತಾಳೆ. ನಿಮಗೆ ಇದು ಕಾಣಲ್ಲ, ಮದುವೆಯ ರುಜು ಮಾತ್ರ ಕಾಣತ್ತೆ."

"ಕಾಣತ್ತೆ ಟೀಚರ್. ಆದರೆ ಆ ಮೂರು ವರ್ಷವನ್ನ ಲೇಖಕಿ ಎಷ್ಟು ಬೇಗ ಮುಗಿಸಿಬಿಡ್ತಾರೆ ನೋಡಿ. ಹೊಲದಲ್ಲಿ ಬೀನ್ಸ್ ನೆಡೋಕೆ ಅದಕ್ಕಿಂತ ಹೆಚ್ಚು ಪುಟ ಇದೆ."

"ಬೀನ್ಸ್ ಬೆಳೆಯೋಕೆ ಹೊತ್ತು ಬೇಕು ಕಣ್ರೀ," ಎಂದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಲವತ್ತು ಮಕ್ಕಳ ಕ್ಲಾಸಿನಲ್ಲಿ ಯಾವಾಗಲೂ ಒಂದು ಮಗು ಇರ್ತಿತ್ತು. ಮುಟ್ಟಿದರೆ ಬೆಚ್ಚೋದು. ಏನು ಕೇಳಿದರೂ ಹೇಳ್ತಿರಲಿಲ್ಲ. ಆ ಮಗುವಿಗೆ, ನೀನು ಕೆಟ್ಟವಳಲ್ಲ ಅಂತ ಯಾರಾದರೂ ಸುಸ್ತಾಗದೆ ಹೇಳ್ತಾನೇ ಇರಬೇಕಿತ್ತು. ನಾನು ಹೇಳಿದೆ, ಆದರೆ ಬೆಲ್ ಹೊಡೀತಿತ್ತು. ಈ ಪುಸ್ತಕದಲ್ಲಿ ಬೆಲ್ ಹೊಡೆಯಲ್ಲ. ಅದಕ್ಕೇ ನನಗೆ ಇಷ್ಟ."

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮೂವತ್ತು ಲಕ್ಷ ಓದುಗರಲ್ಲಿ ಬಹಳ ಮಂದಿ ಮೈಕೆಲನನ್ನು ಗಂಡನೆಂದು ಓದುತ್ತಿಲ್ಲ, ಸುಸ್ತಾಗದ ಒಂದು ದನಿ ಎಂದು ಓದುತ್ತಿದ್ದಾರೆ. ಹಾಗೆ ಓದಿದರೆ ಪುಸ್ತಕ ತೂಗುತ್ತದೆ. ತೊಂದರೆ ಏನೆಂದರೆ ಲೇಖಕಿ ಆ ದನಿಗೆ ಅಗಲ ಭುಜ, ಸ್ವಂತ ಜಮೀನು, ಚೆಂದದ ಕಣ್ಣು ಕೊಟ್ಟಿದ್ದಾರೆ. ಓದಿ ಮುಗಿಸಿದ ಹುಡುಗಿ ದೇವರನ್ನು ಹುಡುಕುವ ಬದಲು ಹಾಗಿರುವ ಗಂಡನನ್ನು ಹುಡುಕಲು ಹೊರಟರೆ ಸಿಗುವುದು ಬರೀ ಹಟಮಾರಿ ಗಂಡ. 'ನಿನ್ನನ್ನು ನನಗೆ ದೇವರೇ ತೋರಿಸಿದ' ಎಂದು ಬಾಗಿಲಲ್ಲಿ ನಿಲ್ಲುವ ಅಪರಿಚಿತನಿಗೆ ಕಾದಂಬರಿಯ ಹೊರಗೆ ಪೊಲೀಸರನ್ನು ಕರೆಯಬೇಕಾಗುತ್ತದೆ.

ಇನ್ನೊಂದು ವಿಷಯ ಟೀಚರ ಬಳಿ ಎತ್ತಲಿಲ್ಲ, ಇಲ್ಲಿ ಎತ್ತುತ್ತೇನೆ. ಮೈಕೆಲ್ ಉಳುವ ಕಣಿವೆ ಅಷ್ಟು ಖಾಲಿ ಹೇಗಿತ್ತು? ಚಿನ್ನ ಸಿಕ್ಕ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದೂವರೆ ಲಕ್ಷದಷ್ಟು ಮೂಲನಿವಾಸಿಗಳಿದ್ದರೆಂದು ಇತಿಹಾಸಕಾರರ ಅಂದಾಜು. ಎರಡೇ ದಶಕಗಳಲ್ಲಿ ಅದು ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತು. ರೋಗ, ಹಸಿವು, ಕೊಲೆ. ಕಾದಂಬರಿಯ ಸೂರ್ಯೋದಯದಲ್ಲಿ ಇವರ್ಯಾರೂ ಇಲ್ಲ. ದೇವರು ಕೊಟ್ಟ ಭೂಮಿಗೆ ಹಿಂದಿನ ಪಹಣಿ ಕೇಳುವ ಪದ್ಧತಿ ಇಲ್ಲವೇನೋ. ಈ ಪ್ರಕಾರದ ಪುಸ್ತಕಗಳಿಗೆ ಇದು ಹಳೆಯ ಚಾಳಿ. 2021ರಲ್ಲಿ ಅಮೆರಿಕದ ಪ್ರಣಯ ಲೇಖಕರ ಸಂಘ ತನ್ನ ಧಾರ್ಮಿಕ ವಿಭಾಗದ ಪ್ರಶಸ್ತಿಯನ್ನು ಕ್ಯಾರೆನ್ ವಿಟ್ಮೇಯರ್ ಅವರ 'ಅಟ್ ಲವ್ಸ್ ಕಮಾಂಡ್' ಕಾದಂಬರಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ವಾಪಸು ಪಡೆಯಿತು. 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಭಾಗಿಯಾದ ಸೈನಿಕ ಅದರ ನಾಯಕ. ಅವನು ಪಶ್ಚಾತ್ತಾಪ ಪಟ್ಟಿದ್ದಾನೆ, ಅವನಿಗೆ ಪ್ರೀತಿ ಸಿಗುತ್ತದೆ. ಸತ್ತ ಲಕೋಟಾ ಜನ ಅವನ ಪಶ್ಚಾತ್ತಾಪಕ್ಕೆ ಸಾಮಗ್ರಿಯಾಗಿ ಒದಗುತ್ತಾರೆ. ಕ್ಷಮೆ ದೊಡ್ಡದು, ಒಪ್ಪಿದೆ. ಆದರೆ ಪೆಟ್ಟು ತಿಂದವರನ್ನು ಕೋಣೆಯಿಂದ ಹೊರಗೆ ಕಳಿಸಿ ಪೆಟ್ಟು ಕೊಟ್ಟವರನ್ನು ಕ್ಷಮಿಸುವುದು ಬಹಳ ಸುಲಭದ ಕೆಲಸ.

'ರಿಡೀಮಿಂಗ್ ಲವ್' 2022ರ ಜನವರಿಯಲ್ಲಿ ಸಿನಿಮಾ ಆಗಿ ಬಂತು. ದಕ್ಷಿಣ ಆಫ್ರಿಕಾದಲ್ಲಿ ಕ್ಯಾಲಿಫೋರ್ನಿಯಾ ಸೃಷ್ಟಿಸಿದ್ದರು. ಚಿತ್ರಕಥೆಯಲ್ಲಿ ರಿವರ್ಸ್ ಅವರ ಕೈಯೂ ಇತ್ತು. ಎಲ್ಲರೂ ಸುಂದರವಾಗಿದ್ದಾರೆ, ಗರಸು ಮಣ್ಣಿಗೂ ಹೊಳಪಿದೆ. ಅದರ ಬಗ್ಗೆ ಇಷ್ಟು ಸಾಕು. ಪುಸ್ತಕದ ಕೊನೆಗೆ ಬರೋಣ. ಎಂದೂ ಮಕ್ಕಳಾಗದಂತೆ ಡ್ಯೂಕ್ ಮಾಡಿಸಿದ್ದ ಏಂಜೆಲಳಿಗೆ ಮಕ್ಕಳಾಗುತ್ತವೆ. ಪವಾಡ. ನಮ್ಮ ಭಕ್ತಿ ಚಿತ್ರಗಳಲ್ಲಿ 'ಶುಭಂ' ಬೀಳುವುದಕ್ಕೆ ಮುಂಚೆ ತೊಟ್ಟಿಲು ತೂಗುವ ಹಾಗೆ. ಮಕ್ಕಳಾಗದೆಯೂ ಅವಳು ಸಂಪೂರ್ಣಳು ಎಂದು ನೂರಾರು ಪುಟ ಹೇಳಿದ ಲೇಖಕಿಗೇ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, ಹಿಂದಿರುಗಿ ಬಂದ ಅವಳು ಗಂಡನಿಗೆ ತನ್ನ ನಿಜವಾದ ಹೆಸರು ಹೇಳುತ್ತಾಳೆ. ಅಲ್ಲಿಯವರೆಗೆ ಅವನು ಮಾರಾ, ಅಮಾಂಡಾ, ತಿರ್ಜಾ ಎಂದು ತನಗೆ ತೋಚಿದ್ದನ್ನು ಕರೆಯುತ್ತಿದ್ದ. ಹೆಸರನ್ನು ಅವಳು ಅಷ್ಟೂ ಕಾಲ ಮುಚ್ಚಿಟ್ಟು, ತನಗೆ ಬೇಕಾದಾಗ, ತಾನಾಗಿ ಕೊಡುತ್ತಾಳೆ. ಇಡೀ ಕಾದಂಬರಿಯಲ್ಲಿ ಯಾರೂ ಬೆಲೆ ಕಟ್ಟದ, ಯಾರೂ ಅಪ್ಪಣೆ ಮಾಡದ ಕೊಡುಗೆ ಅದೊಂದೇ. ಅಲ್ಲಿಗೇ ನಿಲ್ಲಿಸಿದ್ದರೆ ಇದು ಒಳ್ಳೆಯ ಕಾದಂಬರಿಯಾಗುತ್ತಿತ್ತು. ನಿಲ್ಲಿಸದ್ದರಿಂದ ಜನಪ್ರಿಯ ಕಾದಂಬರಿಯಾಗಿದೆ.

ಓದಬೇಕೆನಿಸಿದವರು ಸಾರಾಳ ಬಾಲ್ಯದ ಭಾಗವನ್ನು ಬಿಡದೆ ಓದಿ. ಮೈಕೆಲ್ ಬಂದ ಮೇಲೆ ನಿಮ್ಮಿಷ್ಟ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿಗೆ ಉಡುಗೊರೆ ಕೊಡುವ ಆಲೋಚನೆ ಇದ್ದರೆ ಜೊತೆಗೆ ಕನ್ನಡ ಸತ್ಯವೇದವನ್ನೂ ಕೊಟ್ಟು, ಸಿಟ್ಟು ಸೆಡವುಗಳಿರುವ ಮೂಲ ಗಂಡನನ್ನು ಒಮ್ಮೆ ನೋಡಲು ಹೇಳಿ. ಹೋಶೇಯನ ಪುಸ್ತಕ ದಾನಿಯೇಲನ ಪುಸ್ತಕ ಮುಗಿದ ಕೂಡಲೇ ಬರುತ್ತದೆ. ಚಿಕ್ಕದು.